ಬಾತ್ಮಿದಾರನ ಜಾತಿ

ವಸಾಹತು ಕಾಲದ ಹೋರಾಟದ ಸಿನೆಮಾಗಳಲ್ಲಿ ನಾಯಕನಷ್ಟೇ ಮುಖ್ಯನಾದ ಇನ್ನೊಬ್ಬನಿರುತ್ತಾನೆ. ಅವನು ಸುದ್ದಿ ಕೊಟ್ಟವನು. ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಅವನಿಗೆ ಬಾತ್ಮಿದಾರ ಅಂತಾರೆ. ಇವನನ್ನು ಒಂದು ಸಿನೆಮಾ ಹೇಗೆ ಗ್ರಹಿಸುತ್ತದೆ ಎಂಬುದರ ಮೇಲೆ, ಅದು ಯಾರ ದೇಶದ ಕತೆ ಹೇಳುತ್ತಿದೆ ಎಂಬುದು ಗೊತ್ತಾಗುತ್ತದೆ.

ನಾಗಣ್ಣ ನಿರ್ದೇಶನದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' (2012) ಬೆಳಗಾವಿ ಜಿಲ್ಲೆಯ ಮಟ್ಟಿಗೆ ಸಿನೆಮಾಕ್ಕಿಂತ ಹೆಚ್ಚಾಗಿ ಜಾತ್ರೆಯೇ ಆಗಿತ್ತು. ದರ್ಶನ್ ಕತ್ತಿ ಹಿರಿದಾಗ ಬಿದ್ದ ಸಿಳ್ಳೆಗಳಲ್ಲಿ ಚರಿತ್ರೆಯೊಳಗೆ ಜಾಗವಿಲ್ಲದ ಜಾತಿಗಳ ಸಂಭ್ರಮವೂ ಇತ್ತು. ಅದನ್ನು ನಾನು ಹಗುರಾಗಿ ಕಾಣಲಾರೆ. ಹಾಲುಮತದ ರಾಯಣ್ಣ ಶೆತ್‌ಸನದಿ, ಅಂದರೆ ಇನಾಮು ಭೂಮಿ ಉಂಡು ಊರ ಚಾಕರಿ ಮಾಡುವ ಆಳು. ಆ ಭೂಮಿಯ ಮೇಲೆ ಕಂಪನಿ ಕೈಯಿಟ್ಟದ್ದು ಅವನ ಸಿಟ್ಟಿನ ಬೇರು. ಅವನ ದಂಡು ಬೀಡಿಯ ಕಚೇರಿ ಸುಟ್ಟದ್ದು ಸುಮ್ನೆ ಅಲ್ಲ. ಆದರೆ 1830ರಲ್ಲಿ ಅವನನ್ನು ಮೋಸದಿಂದ ಹಿಡಿದುಕೊಟ್ಟ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಭಾಗಕ್ಕೆ ಬಂದೊಡನೆ ಸಿನೆಮಾ ಭೂಮಿಯ ಲೆಕ್ಕ ಬಿಟ್ಟು ಗುಣದ ಲೆಕ್ಕ ಹಿಡಿಯುತ್ತದೆ. ದ್ರೋಹವೆಂದರೆ ಕೆಲವರ ಹಣದಾಸೆ, ಹೊಟ್ಟೆಕಿಚ್ಚು. ಗೌಡಿಕೆ, ಜಮೀನು, ಕಂದಾಯಗಳ ಯಜಮಾನಿಕೆ ಕೆಟ್ಟ ಮನುಷ್ಯರ ಮರೆಯಲ್ಲಿ ಪಾರಾಗುತ್ತದೆ.

ಇದರ ಪಕ್ಕ ಕೊರಿಯಾದ ಕಿಮ್ ಜಿ-ವೂನ್ ನಿರ್ದೇಶಿಸಿದ 'ದಿ ಏಜ್ ಆಫ್ ಶಾಡೋಸ್' (2016) ಇಟ್ಟು ನೋಡಬೇಕು. 1923ರ ಒಂದು ನಿಜಘಟನೆ ಇದಕ್ಕೆ ಆಧಾರ. ಜಪಾನಿನ ಆಳ್ವಿಕೆಯಲ್ಲಿ ಪೊಲೀಸನಾಗಿರುವ ಕೊರಿಯನ್ನನೇ ಇಲ್ಲಿ ಮುಖ್ಯ. ಕ್ರಾಂತಿಕಾರಿಗಳೊಳಗೆ ನುಸುಳಲು ಕಳಿಸಿದವನು, ಶಾಂಘೈಯಿಂದ ಸ್ಫೋಟಕ ಹೊತ್ತು ಬರುವ ರೈಲಿನಲ್ಲಿ ಅವರನ್ನೇ ಕಾಯಬೇಕಾಗುತ್ತದೆ. ಸಾಂಗ್ ಕಾಂಗ್-ಹೊ ಮುಖದ ಮೇಲೆ ಭಯ, ನಾಚಿಕೆ, ಹೊಟ್ಟೆಪಾಡು ಮೂರೂ ಒಟ್ಟಿಗೇ ಓಡಾಡುತ್ತವೆ. ನೋಡಿದ ನನ್ನ ವಿದ್ಯಾರ್ಥಿಯೊಬ್ಬ, "ಸರ್, ಅಂವ ಕಡೀಕ ಯಾರ ಕಡಿ?" ಅಂದ. ಬಹಳ ಹೊತ್ತು ಈ ಪ್ರಶ್ನೆಗೆ ಉತ್ತರ ಕೊಡದಿರುವುದೇ ನಿರ್ದೇಶಕನ ಪ್ರಾಮಾಣಿಕತೆ. ನಮ್ಮ ಸಿನೆಮಾ ಇಷ್ಟು ದೂರ ಇನ್ನೂ ಬಂದಿಲ್ಲ.

ಆದರೂ ಒಂದು ತಕರಾರಿದೆ. ಈ ಪೊಲೀಸನ ಮುಂದೆ ಇರುವುದು ಎರಡೇ ಬಾಗಿಲು: ಜಪಾನು ಇಲ್ಲವೆ ಕೊರಿಯಾ. ಅದೇ 1923ರ ಏಪ್ರಿಲ್‌ನಲ್ಲಿ ಜಿಂಜು ಎಂಬ ಊರಲ್ಲಿ, ಕಸುಬಿನಿಂದ ಕಟುಕರಾದ, ಹುಟ್ಟಿನಿಂದ ಕೀಳೆನಿಸಿಕೊಂಡ ಬೆಕ್‌ಜೊಂಗ್ ಜನ ಒಂದು ಸಂಘ ಕಟ್ಟಿದರು. ಕಟುಕರ ತಕ್ಕಡಿಯನ್ನೇ ಸಮಾನತೆಯ ಗುರುತಾಗಿಸಿ ಅದಕ್ಕೆ ಹೆಸರಿಟ್ಟರು. ಕಾನೂನು ಅವರನ್ನು 1894ರಲ್ಲೇ ಬಿಡುಗಡೆ ಮಾಡಿತ್ತು, ಶಾಲೆ ಮಾತ್ರ ಅವರ ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಸಂಘ ಹುಟ್ಟಿದ ಕೂಡಲೆ ಅವರ ಮೇಲೆ ಎದ್ದುಬಂದವರು ಅದೇ ಊರಿನ ಕೊರಿಯನ್ ರೈತರು. ಅವರ ಅಂಗಡಿಯ ಮಾಂಸ ಕೊಳ್ಳಬಾರದೆಂದು ಬಹಿಷ್ಕಾರ ಹಾಕಿದರು. ಈ ಜನಕ್ಕೆ ಸಿನೆಮಾದ ರೈಲಿನಲ್ಲಿ ಸೀಟಿಲ್ಲ. ಅವರ ವೈರಿ ಯಾರೆಂದು ಕೇಳಿದ್ದರೆ ಪತ್ತೇದಾರಿ ಕತೆಯ ಕಟ್ಟೇ ಬಿಚ್ಚಿಹೋಗುತ್ತಿತ್ತು.

ನಮ್ಮ ಕಡೆಗೆ ಬರೋಣ. ಮುಂಬಯಿ ಇಲಾಖೆಗೆ ಸೇರಿದ್ದ ಚಿಕ್ಕೋಡಿ, ಅಥಣಿ ಸೀಮೆಯಲ್ಲಿ ಸುದ್ದಿ ಒಯ್ಯುವುದು ಆಯ್ಕೆಯ ಮಾತಾಗಿರಲಿಲ್ಲ, ವತನವಾಗಿತ್ತು. ಟಪಾಲು ಹೊರುವುದು, ಸಾಹೇಬನಿಗೆ ದಾರಿ ತೋರುವುದು, ಗಡಿಗಲ್ಲು ಕಾಯುವುದು, ಊರಿಗೆ ಹೊಸಬರು ಬಂದರೆ ಚಾವಡಿಗೆ ಮುಟ್ಟಿಸುವುದು ವತನದಾರ ಮಹಾರ, ಹೊಲೆಯರ ಕೆಲಸ. ಪ್ರತಿಫಲ ಒಂದು ತುಂಡು ಹೊಲ, ಸುಗ್ಗಿಯ ಆಯ. 1874ರ ಕಾಯ್ದೆ ಇದನ್ನೆಲ್ಲ ಕಾಗದದ ಮೇಲೆ ಗಟ್ಟಿ ಮಾಡಿತು. ಕಂಪನಿಗೂ ಗೌಡನಿಗೂ ಬೇಕಾದದ್ದು ಒಂದೇ ಜೋಡಿ ಕಾಲು. ಹೀಗೆ ಓಡಿದವನನ್ನು ಯಾವ ನ್ಯಾಯದಿಂದ ದ್ರೋಹಿ ಅನ್ನೋಣ? ಓಡದಿದ್ದರೆ ಬೆನ್ನು ಮುರಿಯುತ್ತಿದ್ದವರು ಊರವರೇ ತಾನೆ?

ಇನ್ನೊಂದು ತೊಡಕು ನೋಡಿ. ಆಗ ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. 1918ರಲ್ಲಿ ಶಾಹು ಮಹಾರಾಜರು ಮಹಾರ ವತನವನ್ನು ರದ್ದು ಮಾಡಿದರು. ಬ್ರಿಟಿಷರ ಚಿಕ್ಕೋಡಿಯಲ್ಲಿ ಅದು ಹಾಗೇ ಉಳಿಯಿತು. ಅಂದರೆ ಬ್ರಿಟಿಷರು ಬಂದು ನಮ್ಮನ್ನು ಬಿಡಿಸಿದರು ಎನ್ನುವವರಿಗೂ, ಬ್ರಿಟಿಷರು ಹೋದರೆ ಸಾಕಿತ್ತು ಎನ್ನುವವರಿಗೂ ಈ ಪಕ್ಕದ ತಾಲೂಕು ಬಾಯಿ ಮುಚ್ಚಿಸುತ್ತದೆ. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ವತನ ತಿದ್ದುಪಡಿ ಮಸೂದೆ ತಂದರು; 1929ರಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಸಾಮ್ರಾಜ್ಯದ ಶಾಸನಸಭೆಗೆ ಬೇಡವಾದ ಮಸೂದೆ ಅದು. ಅದನ್ನು ತಂದವರನ್ನೇ ದುಂಡುಮೇಜಿನ ಪರಿಷತ್ತಿನ ಕಾಲಕ್ಕೆ ಬ್ರಿಟಿಷರ ಕೈಗೊಂಬೆ ಅಂದರು. ಈ ಮಾತು ಇವತ್ತಿಗೂ ಸತ್ತಿಲ್ಲ. ಹಾಗೆ ಅಂದವರು ಯಾರೂ ಚಾವಡಿಗೆ ಟಪಾಲು ಹೊತ್ತವರಲ್ಲ.

1925ರ ಏಪ್ರಿಲ್‌ನಲ್ಲಿ ಅದೇ ಬಾಬಾಸಾಹೇಬರು ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಯಾರಾದರೂ ಕನ್ನಡದಲ್ಲಿ ಪತ್ತೇದಾರಿ ಸಿನೆಮಾ ತೆಗೆಯುವುದಿದ್ದರೆ ಆ ಎರಡು ದಿನ ಸಾಕು. ಸಭೆಯ ಸುತ್ತ ಕಿವಿ ನೆಟ್ಟು ನಿಂತವನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನು ಕೇರಿಯವನೇ, ವತನದ ಹೊಲ ಉಳಿಸಿಕೊಳ್ಳಬೇಕಾದವನು. ಒಳಗಿನ ಮಾತು ಅವನದೇ ಹೊಟ್ಟೆಯ ಮಾತು. ಸಂಜೆ ಅವನು ಅದನ್ನು ಎಲ್ಲಿಗೆ ಮುಟ್ಟಿಸಬೇಕು, ಫೌಜದಾರನಿಗೋ, ಗೌಡರ ಕಟ್ಟೆಗೋ?