ಕೈಯಲ್ಲಿ ಹಿಡಿದ ಕ್ಯಾಮೆರಾ, ಕೈಗೆ ಸಿಗದ ಜೀವ

ಹುಳುಹುಪ್ಪಟೆಗಳ ಮ್ಯಾಕ್ರೋ ಚಿತ್ರ ನೋಡಿದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು "ಅಬ್ಬ, ಎಷ್ಟು ಸ್ಪಷ್ಟವಾಗಿದೆ!" ಎಂಬುದು. ಮೀಸೆಯ ಕೂದಲು ಎಣಿಸುವಂತಿದ್ದರೆ ಒಳ್ಳೆಯ ಚಿತ್ರ, ಇಲ್ಲದಿದ್ದರೆ ಇಲ್ಲ. ಇಪ್ಪತ್ತೈದು ವರ್ಷಗಳಿಂದ ಉತ್ತರ ಪತ್ರಿಕೆ ತಿದ್ದುತ್ತಿರುವ ನನಗೆ ಈ ಅಳತೆಗೋಲಿನ ಬಗ್ಗೆ ತಕರಾರಿದೆ. ಅಕ್ಷರ ದುಂಡಗಿದ್ದ ಮಾತ್ರಕ್ಕೆ ಉತ್ತರಕ್ಕೆ ಪೂರ್ಣ ಅಂಕ ಕೊಡುವುದುಂಟೆ?

ಬ್ರಿಟನ್ನಿನ ಛಾಯಾಗ್ರಾಹಕ ಲೆವನ್ ಬಿಸ್ ಅವರ 'ಮೈಕ್ರೋಸ್ಕಲ್ಪ್‌ಚರ್' ಚಿತ್ರಗಳನ್ನೇ ತೆಗೆದುಕೊಳ್ಳಿ. 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡ ಇವುಗಳಲ್ಲಿ ಬೆರಳುಗುರಿನಷ್ಟು ಪುಟ್ಟ ಜೀರುಂಡೆ ಆಳೆತ್ತರ ಮೀರಿ ನಿಲ್ಲುತ್ತದೆ. ಬೆನ್ನಿನ ಒಂದೊಂದು ಕುಳಿಯೂ ಬೇಲೂರಿನ ಕುಸುರಿಯಂತೆ. ಪ್ರತಿ ಚಿತ್ರದ ಹಿಂದೆ 8,000ಕ್ಕೂ ಹೆಚ್ಚು ಫೋಟೋಗಳಿವೆ. ಒಂದರಿಂದ ಇನ್ನೊಂದಕ್ಕೆ ಕ್ಯಾಮೆರಾ ಸರಿಯುವುದು 10 ಮೈಕ್ರಾನ್, ಅಂದರೆ ಮಿಲಿಮೀಟರಿನಲ್ಲಿ ನೂರರ ಒಂದು ಪಾಲು. ಆ ಕೀಟಗಳು ಸಂಗ್ರಹಾಲಯದ ಮಾದರಿಗಳು, ಕದಲುವಂತಿಲ್ಲ. ಬಿಸ್ ಇದನ್ನು ಮುಚ್ಚಿಟ್ಟವರಲ್ಲ. ಅವರದು ಶಿಲ್ಪಿಯ ಕೆಲಸ, ಶಿಲ್ಪವೆಂದೇ ಹೆಸರನ್ನೂ ಇಟ್ಟಿದ್ದಾರೆ.

ತೊಂದರೆ ಶುರುವಾಗುವುದು ಅದೇ ಅಳತೆಗೋಲನ್ನು ಹಿತ್ತಲ ಕರಿಬೇವಿನ ಗಿಡದ ಮುಂದೆ, ಸ್ಟ್ಯಾಂಡ್ ಇಲ್ಲದೆ, ಕ್ಯಾಮೆರಾ ಹಿಡಿದು ಕೂತವರಿಗೆ ಹಚ್ಚಿದಾಗ. ಹುಳ ತನ್ನ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡುವಷ್ಟು ಹತ್ತಿರ ಹೋದರೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್/8 ಇಟ್ಟಾಗ ಸ್ಪಷ್ಟವಾಗುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಎಫ್/16ಕ್ಕೆ ಹೋದರೆ ಆಳ ಎರಡು ಪಟ್ಟಾಗುತ್ತದೆ ನಿಜ, ಆದರೆ ಕಿರುಗಂಡಿಯಲ್ಲಿ ಬೆಳಕು ಹರಡಿಕೊಂಡು ಇಡೀ ಚಿತ್ರ ತುಸು ಮಂಕಾಗುತ್ತದೆ. ನಾವು ಉಸಿರಾಡಿದರೇ ಮೈ ಅದಕ್ಕಿಂತ ಹೆಚ್ಚು ತೂಗುತ್ತದಲ್ಲ! ಅದಕ್ಕೇ ಬಲ್ಲವರು ಫೋಕಸ್ ಉಂಗುರವನ್ನು ಒಂದೆಡೆ ನಿಲ್ಲಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಬಾಗಿಸಿ, ಹುಳದ ಕಣ್ಣು ಹೊಳೆದ ಕ್ಷಣ ಗುಂಡಿ ಒತ್ತುತ್ತಾರೆ. ಸೂಜಿಗೆ ದಾರ ಪೋಣಿಸುವಾಗ ನಾವು ಉಸಿರು ಹಿಡಿಯುವುದಿಲ್ಲವೆ, ಹಾಗೆ. ಫ್ಲ್ಯಾಶಿನ ಮಿಂಚು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಚಿಕ್ಕದಾಗಬಲ್ಲದು. ಅಷ್ಟರೊಳಗೆ ಕೈನಡುಕ ಕಾಣುವುದಿಲ್ಲ. ಅದರ ಮುಂದೊಂದು ತೆಳು ಬಿಳಿ ಕಾಗದ ಕಟ್ಟಿದರೆ ಬೆಳಕು ಮೆತ್ತಗಾಗುತ್ತದೆ. ಬೆಳಗಿನ ತಂಪಿನಲ್ಲಿ ಮೈ ಬಿಸಿಯೇರದ ಹುಳಗಳೂ ಸುಮ್ಮನೆ ಕೂತಿರುತ್ತವೆ.

ಇಷ್ಟೆಲ್ಲ ಮಾಡಿ ತೆಗೆದ ಜಿಗಿಯುವ ಜೇಡದ ಚಿತ್ರದಲ್ಲಿ ಮುಂದಿನ ಎರಡು ದೊಡ್ಡ ಕಣ್ಣುಗಳು ಸ್ಪಷ್ಟ, ಹಿಂದಿನ ಹೊಟ್ಟೆ ಮಸುಕು. ಇದು ಕೊರತೆಯೇ? ನನಗೆ ಹಾಗನ್ನಿಸುವುದಿಲ್ಲ. ಎದುರು ಕೂತವರೊಡನೆ ಮಾತಾಡುವಾಗ ಅವರ ಕಣ್ಣನ್ನು ನೋಡುತ್ತೇವೆ, ಸೆರಗಿನ ಎಳೆ ಎಣಿಸುತ್ತೇವೆಯೆ? ಹಾಗೆಂದು ಕಣ್ಣೇ ಮಸುಕಾದ ಚಿತ್ರವನ್ನು "ಇದು ಕಲೆ" ಎಂದು ಮುಂದೆ ತಳ್ಳುವವರಿಗೂ ನಾನು ಅಂಕ ಕೊಡಲಾರೆ. ಇರುವ ಒಂದು ಮಿಲಿಮೀಟರನ್ನು ಎಲ್ಲಿಟ್ಟರು ಎಂಬುದೇ ಪರೀಕ್ಷೆ. ಚಿಟ್ಟೆಯ ಮಡಚಿದ ರೆಕ್ಕೆಗೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿದವರು ಅಷ್ಟರಲ್ಲೇ ಇಡೀ ರೆಕ್ಕೆಯ ಚಿತ್ತಾರ ತರುತ್ತಾರೆ.

"ಟೀಚರ್, ಫ್ರಿಜ್ಜಿನಲ್ಲಿಟ್ಟರೆ ಚಿಟ್ಟೆ ಅಲ್ಲಾಡುವುದಿಲ್ಲವಂತೆ, ಹೌದಾ?" ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು. ಎಲ್ಲವೂ ಸ್ಪಷ್ಟವಾಗಲೇಬೇಕೆಂಬ ಹಟ ಕೊನೆಗೆ ಹೋಗಿ ಮುಟ್ಟುವುದು ಅಲ್ಲಿಗೇ. ಚಳಿಗೆ ಮರಗಟ್ಟಿದ ಜೀವವನ್ನು ಎಲೆಯ ಮೇಲೆ ಕೂರಿಸಿ "ತೋಟದಲ್ಲಿ ಕಂಡದ್ದು" ಎಂದು ಬರೆದರೆ, ಎಷ್ಟೇ ಸ್ಪಷ್ಟವಿರಲಿ, ಅದು ಸುಳ್ಳು ಚಿತ್ರ. ಇನ್ನು ಮುಂದೆ ಇಂಥ ಚಿತ್ರ ಕಣ್ಣಿಗೆ ಬಿದ್ದರೆ ಕೂದಲು ಎಣಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಫೋಟೋ ತೆಗೆದಾದ ಮೇಲೆ ಆ ಜೀವ ತನ್ನ ಪಾಡಿಗೆ ತಾನು ಹೋಯಿತೆ?