ಎಡಕ್ಕೆ ತಿರುಗಿದ ವಿಮಾನಗಳು

ಕಾಂಕಾರ್ಡ್ ಹಾರಿಸಿದ ಪೈಲಟ್‌ಗಳ ನೆನಪುಗಳನ್ನು ಓದುತ್ತಾ ಹೋದರೆ ನ್ಯೂಯಾರ್ಕಿನ ಕೆನಡಿ ನಿಲ್ದಾಣದ ರನ್‌ವೇ 31ಎಲ್ ಎದುರಾಗದೆ ಇರೋದಿಲ್ಲ. ಕತೆ ಹೆಚ್ಚುಕಮ್ಮಿ ಒಂದೇ. ಅಟ್ಲಾಂಟಿಕ್ ದಾಟುವಷ್ಟು ಇಂಧನ ತುಂಬಿಕೊಂಡ, 185 ಟನ್‌ವರೆಗೂ ತೂಗುವ ವಿಮಾನ. ನೆಲ ಬಿಟ್ಟು ನೂರಡಿ ಏರುವಷ್ಟರಲ್ಲಿ ಅದನ್ನು ಎಡಕ್ಕೆ ವಾಲಿಸಬೇಕು. ಮೊದಲೇ ಲೆಕ್ಕ ಹಾಕಿಟ್ಟ ಸೆಕೆಂಡಿಗೆ ಸರಿಯಾಗಿ ಕಾಕ್‌ಪಿಟ್‌ನಲ್ಲಿ ‘ಮೂರು, ಎರಡು, ಒಂದು, ನಾಯ್ಸ್’ ಅನ್ನೋ ಕೂಗು. ಎಂಜಿನ್‌ಗಳ ರೀಹೀಟ್ ಬಂದ್, ಪವರ್ ಇಳಿಕೆ. ರೆಕ್ಕೆಯ ಕೆಳಗೆ ಜಮೈಕಾ ಬೇ ನೀರು.

ಓದೋಕೆ ರೋಮಾಂಚನ ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ನನ್ನ ತಕರಾರು ಅಲ್ಲೇ ಶುರುವಾಗೋದು. ವಿಮಾನ ಭಾರವಾಗಿರುವಾಗ, ನೆಲಕ್ಕೆ ಹತ್ತಿರ ಇರುವಾಗ, ತಿರುಗು ಅಂತ ಯಾವ ಎಂಜಿನಿಯರೂ ಖುಷಿಯಿಂದ ಹೇಳಲ್ಲ. ತಿರುವು ಇದ್ದದ್ದು ವಿಮಾನಕ್ಕಾಗಿ ಅಲ್ಲ, ನೇರ ಹೋದರೆ ಎದುರಿಗೆ ಬರುವ ಹೊವರ್ಡ್ ಬೀಚ್‌ನಂಥ ಬಡಾವಣೆಗಳಿಗಾಗಿ. ಈ ಕತೆಗಳಲ್ಲಿ ಆ ಬಡಾವಣೆ ಒಂದು ಅಡಚಣೆಯಾಗಿ ಮಾತ್ರ ಬರುತ್ತೆ, ಗುಡ್ಡವೋ ಗಾಳಿಯೋ ಬಂದ ಹಾಗೆ. ಆ ‘ನಾಯ್ಸ್’ ಅನ್ನೋ ಒಂದು ಪದದ ಹಿಂದೆ ಎಷ್ಟು ಜಗಳ ಇತ್ತು ಅನ್ನೋದು ಬರೋದಿಲ್ಲ.

ಜಗಳ ಸಣ್ಣದೇನಲ್ಲ. ಪೋರ್ಟ್ ಅಥಾರಿಟಿ 1976ರಲ್ಲಿ ಕಾಂಕಾರ್ಡ್‌ಗೆ ಬಾಗಿಲು ಹಾಕಿತು. ಹೊವರ್ಡ್ ಬೀಚ್ ಸುತ್ತಮುತ್ತಲಿನ ಜನ ನಿಲ್ದಾಣದ ರಸ್ತೆಗಳಲ್ಲಿ ಕಾರುಗಳನ್ನು ಆಮೆಗತಿಯಲ್ಲಿ ಓಡಿಸಿ ಟ್ರಾಫಿಕ್ ಜಾಮ್ ಮಾಡಿದರು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 1977ರ ಅಕ್ಟೋಬರ್‌ನಲ್ಲಿ ಮೊದಲ ಪರೀಕ್ಷಾ ಹಾರಾಟ, ನವೆಂಬರ್ 22ಕ್ಕೆ ಪ್ರಯಾಣಿಕರ ಸೇವೆ. ಮೀಟರ್‌ನಲ್ಲಿ 112 ಪಿಎನ್‌ಡಿಬಿ ದಾಟಬಾರದು ಅನ್ನೋದು ಷರತ್ತು. ಎಡಕ್ಕೆ ವಾಲಿದರೆ ಮೈಕುಗಳಿಂದ ದೂರ, ಪವರ್ ಇಳಿಸಿದರೆ ಇನ್ನೂ ಕಮ್ಮಿ. ಜಾಣತನ ಒಪ್ಪಿಕೊಳ್ಳೋಣ. ಆದರೆ ಪಾಸಾಗಬೇಕಾಗಿದ್ದದ್ದು ಮೀಟರ್‌ನ ಪರೀಕ್ಷೆ; ಮನುಷ್ಯರ ನಿದ್ದೆಯದ್ದಲ್ಲ. ನಮ್ಮ ಆಫೀಸುಗಳಲ್ಲಿ ಕೆಪಿಐ ಮುಟ್ಟಿಸೋ ಕಲೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಕೊಲ್ಲಿಗೆ ಇನ್ನೊಂದು ನೆನಪಿದೆ. 1962ರ ಮಾರ್ಚ್ 1. ನಿಲ್ದಾಣಕ್ಕೆ ಆಗಿನ್ನೂ ಐಡಲ್‌ವೈಲ್ಡ್ ಅಂತಲೇ ಹೆಸರು. ಲಾಸ್ ಏಂಜಲೀಸ್‌ಗೆ ಹೊರಟ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 707 ಇದೇ 31ಎಲ್‌ನಿಂದ ಎದ್ದು, ಎಡಕ್ಕೆ ತಿರುಗುತ್ತಿರುವಾಗಲೇ ಪೂರ್ತಿ ಮಗುಚಿ ಜಮೈಕಾ ಬೇಗೆ ಬಿತ್ತು. 95 ಜನ, ಒಬ್ಬರೂ ಉಳಿಯಲಿಲ್ಲ. ತನಿಖೆ ಬೊಟ್ಟು ಮಾಡಿದ್ದು ರಡ್ಡರ್ ನಿಯಂತ್ರಣದ ದೋಷಕ್ಕೆ, ತಿರುವಿಗಲ್ಲ. ಸರಿ. ಆದರೂ ಈ ಸಾವುಗಳನ್ನು ಪಕ್ಕಕ್ಕಿಟ್ಟು ಆ ತಿರುವನ್ನು ಬರೀ ಸಾಹಸ ಅಂತ ಓದೋದು ನನಗಂತೂ ಕಷ್ಟ.

ಈ ಅಪಘಾತ ನಿಮ್ಮಲ್ಲಿ ಕೆಲವರಿಗೆ ‘ಮ್ಯಾಡ್ ಮೆನ್’ ಮೂಲಕ ಗೊತ್ತಿರಬಹುದು. ಎರಡನೇ ಸೀಸನ್‌ನ ಎರಡನೇ ಕಂತಿನ ಹೆಸರೇ ‘ಫ್ಲೈಟ್ 1’. ಸುದ್ದಿ ಬಂದ ಕೂಡಲೇ ಆಫೀಸಿನಲ್ಲಿ ಜೋಕುಗಳು ಶುರುವಾಗುತ್ತವೆ. ಆಮೇಲೆ ಪೀಟ್ ಕ್ಯಾಂಬೆಲ್‌ನ ಅಪ್ಪ ಅದರಲ್ಲಿದ್ದ ಅಂತ ತಿಳಿಯುತ್ತೆ. ಅದೇ ಏರ್‌ಲೈನ್ಸ್‌ನ ಜಾಹೀರಾತು ಗಿಟ್ಟಿಸಲು ಏಜೆನ್ಸಿ ಹೊರಡುತ್ತೆ, ಕೊನೆಗೆ ಪೀಟ್ ಅಪ್ಪನ ಸಾವನ್ನೇ ಮೀಟಿಂಗಿಗೆ ಒಯ್ಯುತ್ತಾನೆ. ಆ ಕಂತು ನನಗೆ ಬಹಳ ಇಷ್ಟ. ಅಳುವಿಗೂ ಪಿಚ್‌ಗೂ ನಡುವೆ ಎಷ್ಟು ಕಮ್ಮಿ ಅಂತರ ಅಂತ ತೋರಿಸಿದ್ದು ಅದರ ಗಟ್ಟಿತನ. ಆದರೆ ಅಲ್ಲೂ ಕೊಲ್ಲಿ ಅಂದ್ರೆ ವಿಮಾನ ಬಿದ್ದ ಜಾಗ, ಅಷ್ಟೆ. ಪೈಲಟ್‌ಗಳ ಕತೆಯಲ್ಲಿ ಕಾಕ್‌ಪಿಟ್, ಇಲ್ಲಿ ಮ್ಯಾನ್‌ಹಟನ್ನಿನ ಆಫೀಸು. ಹಾದಿಯ ಕೆಳಗೆ ವಾಸಮಾಡುವವರ ಅಡುಗೆಮನೆಗೆ ಎರಡೂ ಇಳಿಯಲ್ಲ. 2008ರ ಮೇವರೆಗೂ ಎಚ್‌ಎಎಲ್ ವಿಮಾನಗಳನ್ನು ತಲೆ ಮೇಲೆ ಕಂಡ ಬೆಂಗಳೂರಿನವರಿಗೆ ಈ ಕೊರತೆ ಬೇಗ ಕಣ್ಣಿಗೆ ಬೀಳುತ್ತೆ.

ಕೆಳಗಿನವರ ನೆನಪಿನಲ್ಲಿ ಥ್ರಿಲ್ ಇರಲ್ಲ, ಅದಕ್ಕೇ ಯಾರೂ ಪುಸ್ತಕ ಮಾಡಲ್ಲ. ಆದರೆ ಅದಕ್ಕೆ ಬೇರೆ ತಾಕತ್ತಿದೆ. ಅರಿಜೋನಾದ ಫೀನಿಕ್ಸ್ ನೋಡಿ. 2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ವಿಮಾನಗಳು ಹೊರಡುವ ದಾರಿಗಳನ್ನು ಅಮೆರಿಕದ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, ಉಪಗ್ರಹ ಆಧಾರಿತ ಗೆರೆಗಳಿಗೆ ಬದಲಿಸಿತು. ಹಳೇ ಪದ್ಧತಿಯಲ್ಲಿ ವಿಮಾನಗಳು ಸ್ವಲ್ಪ ಆಚೀಚೆ ಚದುರಿ ಹೋಗುತ್ತವೆ, ಸದ್ದೂ ಹಂಚಿಹೋಗುತ್ತೆ. ಹೊಸದರಲ್ಲಿ ದಾರ ಹಿಡಿದ ಹಾಗೆ ಒಂದರ ಹಿಂದೊಂದು, ಅದೇ ಮನೆಗಳ ಮೇಲೆ. ಹಳೇ ಬಡಾವಣೆಯವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ನಿನ್ನೆವರೆಗೆ ಇದು ಇಲ್ಲಿ ಹೋಗ್ತಿರಲಿಲ್ಲ. ನಗರಾಡಳಿತದ ಜೊತೆ ಅವರೂ ಕೋರ್ಟಿಗೆ ಹೋದರು. 2017ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಎಫ್‌ಎಎ ಕ್ರಮವನ್ನು ಮನಸೋಇಚ್ಛೆಯದು ಅಂತ ತಳ್ಳಿಹಾಕಿತು. ಮರುವರ್ಷ ಪಶ್ಚಿಮಕ್ಕೆ ಹೊರಡುವ ವಿಮಾನಗಳು ಹೆಚ್ಚುಕಮ್ಮಿ ಹಳೇ ದಾರಿಗೇ ಮರಳಿದವು.

ಕಾಂಕಾರ್ಡ್ 2003ರಲ್ಲಿ ನಿಂತಿತು, ಅದರ ಪೈಲಟ್‌ಗಳ ನೆನಪುಗಳು ಈಗಲೂ ಬರ್ತಾನೇ ಇವೆ. ಹೊವರ್ಡ್ ಬೀಚ್‌ನಲ್ಲಿ ಆ ಕಾರುಗಳನ್ನು ಓಡಿಸಿದವರಿಗೆ ಈಗ ಎಪ್ಪತ್ತೋ ಎಂಬತ್ತೋ ಆಗಿರಬೇಕು. ಅವರಲ್ಲಿ ಒಬ್ಬರು ಬರೆದರೂ ನಾನು ಮೊದಲು ಕೊಳ್ಳೋದು ಆ ಪುಸ್ತಕವನ್ನು.