ದತ್ತಾಂಶ ಚಿತ್ರಣದ ತಂತ್ರಾಂಶಗಳು: ಆಯ್ಕೆಯ ಒರೆಗಲ್ಲು

ಅಂಕಿಅಂಶಗಳನ್ನು ನಕ್ಷೆಗಳಾಗಿ ಮಾರ್ಪಡಿಸುವ ತಂತ್ರಾಂಶಗಳನ್ನು ಹೋಲಿಸುವವರು ಸಾಮಾನ್ಯವಾಗಿ ಬೆಲೆ, ಕಲಿಕೆಯ ಸುಲಭತೆ, ನಕ್ಷೆಗಳ ವೈವಿಧ್ಯ ಇವುಗಳನ್ನೇ ಅಳೆಯುತ್ತಾರೆ. ಆದರೆ ಬಳಕೆದಾರರು ಏನನ್ನೂ ಸೂಚಿಸದಿದ್ದಾಗ ತಂತ್ರಾಂಶವು ತಾನಾಗಿ ಕೈಗೊಳ್ಳುವ ತೀರ್ಮಾನಗಳು, ಅಂದರೆ ಅದರ ಡಿಫಾಲ್ಟ್ ಆಯ್ಕೆಗಳು, ಎಷ್ಟು ವಿವೇಕದಿಂದ ಕೂಡಿವೆ ಎಂಬುದೇ ಹೆಚ್ಚು ಮುಖ್ಯ, ಏಕೆಂದರೆ ಕಚೇರಿಯ ಅವಸರದಲ್ಲಿ ಅವನ್ನು ಬದಲಿಸುವ ಗೋಜಿಗೆ ಹೋಗುವವರು ವಿರಳ.

ಒಂದು ಉದಾಹರಣೆ ನೋಡಿ: 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತೆ ಶೇ. 88.57, ಉಡುಪಿಯದು ಶೇ. 86.24. ಹೀಗೆ ಸಂಖ್ಯೆಗಳು ಪರಸ್ಪರ ಹತ್ತಿರವಿದ್ದಾಗ ಎಕ್ಸೆಲ್ ಸ್ತಂಭಾಲೇಖದ ಲಂಬ ಅಕ್ಷವನ್ನು ಶೂನ್ಯದಿಂದ ಆರಂಭಿಸದೆ ಮೇಲಕ್ಕೇರಿಸುತ್ತದೆ. ಅಕ್ಷವು 85ರಿಂದ ಆರಂಭವಾದರೆ ಉಡುಪಿಯ ಸ್ತಂಭವು ದಕ್ಷಿಣ ಕನ್ನಡದ ಸ್ತಂಭದ ಮೂರನೆಯ ಒಂದು ಭಾಗದಷ್ಟಾಗಿ, ಸುಮಾರು ಎರಡು ಶೇಕಡಾಂಶಗಳ ಅಂತರವು ಅಗಾಧವೆಂಬ ಭ್ರಮೆ ಹುಟ್ಟುತ್ತದೆ. ಆರ್ ಭಾಷೆಯ ಜಿಜಿಪ್ಲಾಟ್2 ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ನಕ್ಷೆಯನ್ನು ಸಿದ್ಧ ಮಾದರಿಯಾಗಿ ಕಾಣದೆ ದತ್ತಾಂಶ, ಮಾಪಕ, ಆಕೃತಿ ಎಂಬ ಘಟಕಗಳ ಜೋಡಣೆಯಾಗಿ ಕಾಣುವ ಲೀಲ್ಯಾಂಡ್ ವಿಲ್ಕಿನ್ಸನ್ ಅವರ 1999ರ ಸಿದ್ಧಾಂತವನ್ನು ಆಧರಿಸಿ ಹ್ಯಾಡ್ಲಿ ವಿಕಮ್ ರೂಪಿಸಿದ ಈ ತಂತ್ರಾಂಶವು ಸ್ತಂಭಗಳನ್ನು ಶೂನ್ಯದಿಂದಲೇ ಎಬ್ಬಿಸುತ್ತದೆ. ಮಾಪಕದ ಕೆಳಮಿತಿಯನ್ನು 85ಕ್ಕೆ ಏರಿಸಿದರೆ ಸ್ತಂಭಗಳೇ ಮಾಯವಾಗುತ್ತವೆ. ಹೊಸಬರಿಗೆ ಇದು ಕಿರಿಕಿರಿ, ಓದುಗರಿಗೆ ರಕ್ಷಣೆ.

ಡಿಫಾಲ್ಟ್‌ಗಳ ಜೊತೆಗೆ ಪರಿಶೀಲನೆಯ ಸಾಧ್ಯತೆಯನ್ನೂ ತೂಗಬೇಕು. ಸ್ಟ್ಯಾನ್‌ಫರ್ಡ್‌ನ ಸಂಶೋಧನೆಯಿಂದ ಹುಟ್ಟಿ 2003ರಲ್ಲಿ ಸಂಸ್ಥೆಯ ರೂಪ ತಳೆದ ಟ್ಯಾಬ್ಲೋ, ಮೌಸ್‌ನಿಂದ ಎಳೆದು ಬಿಡುವಷ್ಟರಲ್ಲೇ ಚಿತ್ರ ಮೂಡಿಸುವುದರಿಂದ ದತ್ತಾಂಶವನ್ನು ಮೊದಲ ಬಾರಿ ತಡಕುವವರಿಗೆ ಉತ್ತಮ ಸಂಗಾತಿ. ಆದರೆ ಆ ಚಿತ್ರ ಹೇಗೆ ಬಂತೆಂಬುದನ್ನು ಬರೆದಿಟ್ಟ ಕೋಡ್‌ನಂತೆ ಮತ್ತೊಬ್ಬರು ಸಾಲುಸಾಲಾಗಿ ಓದಿ ಪರೀಕ್ಷಿಸುವುದು ಕಷ್ಟ.

ಕನ್ನಡದಲ್ಲಿ ನಕ್ಷೆ ಬಿಡಿಸುವವರಿಗೆ ಇನ್ನೊಂದು ಪರೀಕ್ಷೆಯುಂಟು, ಮತ್ತು ಪ್ರಚಲಿತ ಹೋಲಿಕೆಗಳು ಇದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಒತ್ತಕ್ಷರ, ಕಾಗುಣಿತಗಳು ಸರಿಯಾಗಿ ಕೂಡಬೇಕಾದರೆ ಅಕ್ಷರಗಳನ್ನು ಸನ್ನಿವೇಶಕ್ಕೆ ತಕ್ಕಂತೆ ಜೋಡಿಸುವ ವ್ಯವಸ್ಥೆ ತಂತ್ರಾಂಶದೊಳಗಿರಬೇಕು. ಜಾನ್ ಹಂಟರ್ ಆರಂಭಿಸಿದ ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್, 2017ರಲ್ಲಿ ದಾರಿತಪ್ಪಿಸುವ ಕಾಮನಬಿಲ್ಲಿನ ವರ್ಣಶ್ರೇಣಿಯನ್ನು ಕೈಬಿಟ್ಟು ವಿರಿಡಿಸ್ ಎಂಬ, ಕಣ್ಣಿಗೆ ಸಮಪ್ರಮಾಣದಲ್ಲಿ ಬದಲಾಗುವಂತೆ ಕಾಣುವ ಶ್ರೇಣಿಯನ್ನು ಡಿಫಾಲ್ಟ್ ಆಗಿ ಒಪ್ಪಿಕೊಳ್ಳುವಷ್ಟು ವಿವೇಚನೆ ತೋರಿದರೂ, ಈ ಅಕ್ಷರಜೋಡಣೆಯನ್ನು ಬಹುಕಾಲ ಕಡೆಗಣಿಸಿದ್ದರಿಂದ ‘ಕ್ಷೇತ್ರ’ದಂಥ ಪದವೂ ಅದರಲ್ಲಿ ಚೂರುಚೂರಾಗುತ್ತಿತ್ತು. 2011ರಲ್ಲಿ ಬಂದ ಡಿ3 ಎಂಬ ತಂತ್ರಾಂಶವು ಚಿತ್ರವನ್ನು ಬ್ರೌಸರ್‌ನಲ್ಲೇ ಮೂಡಿಸುವುದರಿಂದ ಬ್ರೌಸರ್‌ನ ಅಕ್ಷರಜೋಡಣೆಯ ಲಾಭ ಅದಕ್ಕೆ ತಾನಾಗಿ ಸಿಗುತ್ತದೆ, ಆದರೆ ಚಿಕ್ಕ ನಕ್ಷೆಗೂ ಅದು ಬೇಡುವ ಶ್ರಮ ವಿಪರೀತ. ಹಾಗಾಗಿ ಕನ್ನಡದಲ್ಲಿ ಅಚ್ಚಾಗಬೇಕಾದ ವರದಿಗೆ, ಅಕ್ಷರಜೋಡಣೆಯನ್ನು ಬಲ್ಲ ರ‍್ಯಾಗ್ ಎಂಬ ಪೂರಕದೊಡನೆ ಬಳಸುವ ಜಿಜಿಪ್ಲಾಟ್2 ಆಯ್ಕೆಯೇ ಮೇಲು.